ಶಾಸ್ತ್ರಮೇಳಕ್ಕೆ ಬ್ಯಾರೆನ್ ದ್ವೀಪದ ಮಾದರಿಯನ್ನು ಅಳತೆಗೆ ತಕ್ಕಂತೆ ಮಾಡುವ ಬಗೆ

ಶಾಸ್ತ್ರಮೇಳ, ಅಂದರೆ ಶಾಲಾ ಮಕ್ಕಳ ವಿಜ್ಞಾನ ಮೇಳ, ಬಂತೆಂದರೆ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಯಾರಾದರೊಬ್ಬರು ಜ್ವಾಲಾಮುಖಿ ಮಾಡಿಯೇ ಮಾಡುತ್ತಾರೆ. ಆದರೆ ಅದು ಹೆಚ್ಚಾಗಿ ಊರು, ಹೆಸರು ಇಲ್ಲದ ಚೂಪು ಬೆಟ್ಟವಾಗಿರುತ್ತದೆ. ಅದರ ಬದಲು, ಈಗ ಶ್ರೀ ವಿಜಯಪುರವೆನಿಸಿರುವ ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 135 ಕಿ.ಮೀ. ದೂರದಲ್ಲಿ, ಅಂಡಮಾನ್ ಸಮುದ್ರದ ನಡುವೆ ಇರುವ ಬ್ಯಾರೆನ್ ಎಂಬ ಜ್ವಾಲಾಮುಖಿ ದ್ವೀಪವನ್ನೇ ಮಕ್ಕಳಿಂದ ಮಾಡಿಸಬಹುದು.

1 ಸೆಂ.ಮೀ.ಗೆ 50 ಮೀಟರ್ ಎಂಬ ಅಳತೆಯನ್ನು ಇಟ್ಟುಕೊಳ್ಳಿ. ಸುಮಾರು 3 ಕಿ.ಮೀ. ಅಗಲದ ದ್ವೀಪಕ್ಕೆ 60 ಸೆಂ.ಮೀ. ವೃತ್ತ ಬೇಕು, 354 ಮೀಟರ್ ಎತ್ತರಕ್ಕೆ 7 ಸೆಂ.ಮೀ. ಸಾಕು. ಇಷ್ಟು ತಗ್ಗೇ ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಉಳಿದ ಬೆಟ್ಟವೆಲ್ಲ ನೀರಿನಡಿಯಲ್ಲಿದೆ. ಸಮುದ್ರತಳ ಎರಡು ಸಾವಿರ ಮೀಟರಿಗೂ ಕೆಳಗಿರುವುದರಿಂದ, ಮೇಜಿನ ಅಂಚಿನಿಂದ ನೀಲಿ ಬಟ್ಟೆಯನ್ನು 40 ಸೆಂ.ಮೀ.ಗಿಂತ ತುಸು ಹೆಚ್ಚೇ ಇಳಿಬಿಡಿ.

ವೃತ್ತದೊಳಗೆ ಸುಮಾರು 40 ಸೆಂ.ಮೀ. ಅಗಲದ ಬೋಗುಣಿಯಂಥ ತಗ್ಗು ಉಳಿಯುವಂತೆ, ಹಳೆಯ ಪತ್ರಿಕೆ ಮತ್ತು ಮೈದಾ ಅಂಟಿನಿಂದ ಸುತ್ತ ಗೋಡೆ ಕಟ್ಟಿ, ಪಶ್ಚಿಮ ದಿಕ್ಕಿನಲ್ಲಿ ಮಾತ್ರ ಬಾಯಿ ಬಿಡಿ, ಏಕೆಂದರೆ ಲಾವಾ ಸಮುದ್ರಕ್ಕೆ ಹರಿದದ್ದು ಆ ದಾರಿಯಿಂದಲೇ. ನಡುವಿನ ಬೂದಿಗುಡ್ಡಕ್ಕೆ ಕಣ್ಣಿರುವ ಚಿಕ್ಕ ಗೆರಟೆಯನ್ನು ಬೋರಲು ಹಾಕಿ, ಒಂದು ಕಣ್ಣನ್ನು ಕೊರೆದರೆ ಅದೇ ಕುಳಿಯಾಗುತ್ತದೆ. ಲಾವಾಕ್ಕೆ ಕಪ್ಪು ಬಣ್ಣವೇ ಇರಲಿ. ತೂತುತೂತಾಗಿ ಕಾಣುತ್ತದೆಂದು ನಮ್ಮ ಮುರಕಲ್ಲನ್ನು ಲಾವಾ ಎಂದು ಇಡಬೇಡಿ. ಅದು ಮಳೆ, ಬಿಸಿಲುಗಳಿಗೆ ಬಂಡೆ ಶಿಥಿಲವಾಗಿ ಉಂಟಾದದ್ದು.

ಅಡಿಗೆ ಸೋಡ ಮತ್ತು ವಿನೆಗರ್ ಬೆರೆಸಿ ನೊರೆ ಉಕ್ಕಿಸುವ ಆಟ ನನಗೆ ಹಿಡಿಸುವುದಿಲ್ಲ, ಏಕೆಂದರೆ ಜ್ವಾಲಾಮುಖಿಯೊಳಗೆ ಅಂಥ ರಾಸಾಯನಿಕ ಕ್ರಿಯೆ ನಡೆಯುವುದಿಲ್ಲ. ಭೂಮಿಯ ಗಟ್ಟಿ ಹೊರಪದರ ಫಲಕಗಳೆಂಬ ದೊಡ್ಡ ತುಂಡುಗಳಾಗಿದೆ; ಅವುಗಳಲ್ಲಿ ಭಾರತದ ಫಲಕ ಬರ್ಮಾ ಫಲಕದಡಿಗೆ ಜಾರುವಾಗ ಅದರಿಂದ ಹೊರಬಿದ್ದ ನೀರು ಮೇಲಿನ ಬಿಸಿ ಶಿಲೆಯ ಕರಗುವ ಬಿಂದುವನ್ನು ತಗ್ಗಿಸುತ್ತದೆ. ಹೀಗೆ ಹುಟ್ಟಿದ ಶಿಲಾರಸ ಮೇಲೇರಿದಂತೆ ಒತ್ತಡ ಇಳಿದು, ಅದರಲ್ಲಿ ಕರಗಿದ್ದ ನೀರಾವಿ ಮತ್ತು ಅನಿಲಗಳು ಗುಳ್ಳೆಗಳಾಗಿ ಬೇರ್ಪಟ್ಟು ಅದನ್ನು ಸಿಡಿಸುತ್ತವೆ. ಗೋಲಿ ಸೋಡದ ಗೋಲಿಯನ್ನು ಒತ್ತಿ ತೋರಿಸಿದರೆ ಈ ಕೊನೆಯ ಮಾತು ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ.

ಮಾದರಿಯ ಪಕ್ಕದಲ್ಲಿಡುವ ವಿವರಣೆಯ ಹಲಗೆಯಲ್ಲಿ 1787ರ ದಾಖಲಿತ ಸ್ಫೋಟ, ಅನಂತರ ಹತ್ತೊಂಬತ್ತನೆಯ ಶತಮಾನದಿಂದ ಮುಂದುವರಿದ ದೀರ್ಘ ಮೌನ, 1991ರಲ್ಲಿ ಮತ್ತೆ ಎಚ್ಚೆತ್ತದ್ದು, ಇಷ್ಟನ್ನು ಬರೆದರೆ ಸಾಕು. 2017ರ ಜನವರಿಯಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳಿಗೆ ಹಡಗಿನಿಂದ ಹಗಲಲ್ಲಿ ಬೂದಿಯ ಮೋಡ ಮಾತ್ರ ಕಂಡಿತ್ತು. ಕತ್ತಲಾದ ಮೇಲೆ ಕೆಂಪು ಲಾವಾ ಚಿಮ್ಮುವುದು ಕಾಣಿಸಿತು. ಆದ್ದರಿಂದ ಗೆರಟೆಯೊಳಗೆ ಬ್ಯಾಟರಿಯ ಕೆಂಪು ಬಲ್ಬನ್ನು ಇಟ್ಟು, ನೋಡುವವರು ಬಂದಾಗ ಕೋಣೆಯ ಕಿಟಕಿಗಳನ್ನು ಮುಚ್ಚಿಸಿ.