ಬೋಟ್ ದಡದಲ್ಲಿದ್ದಾಗಲೇ ತಳ, ಪ್ರೊಪೆಲರ್ ಎರಡನ್ನೂ ನೋಡಿಬಿಡಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟಿನ ತಳ ನೋಡಲು ಇದೇ ಒಳ್ಳೆಯ ಸಮಯ.

ಬೋಟ್ ಮೇಲೆ ಬಂದ ದಿನವೇ ತಳ ಕೆರೆಯಿರಿ. ಪಾಚಿ, ಚಿಪ್ಪು ಒದ್ದೆ ಇರುವಾಗ ಸುಲಭವಾಗಿ ಬಿಡುತ್ತವೆ, ಒಣಗಿದರೆ ಕಲ್ಲಾಗುತ್ತವೆ. ಹಳೆ ಪೇಂಟ್ ಉಜ್ಜುವಾಗ ಮಾಸ್ಕ್ ಹಾಕಲೇಬೇಕು. ಆ ಧೂಳಿನಲ್ಲಿ ತಾಮ್ರದ ವಿಷ ಇರುತ್ತದೆ. ಕೆರೆದ ಪುಡಿಯನ್ನು ಹೊಳೆಗೆ ಬಿಡಬೇಡಿ, ಮೀನು ನಮ್ಮದೇ ಅಲ್ವಾ?

ಮಳೆಗಾಲದಲ್ಲಿ ದೊಡ್ಡ ಕಷ್ಟ ತೇವ. ಮೇಲೆ ಶೀಟ್ ಕಟ್ಟಿ, ತಳ ಪೂರ್ತಿ ಒಣಗಿದ ಮೇಲೆಯೇ ಪ್ರೈಮರ್ ಹಚ್ಚಿ. ತೇವದ ಮೇಲೆ ಬಳಿದ ಪೇಂಟ್ ಗುಳ್ಳೆ ಎದ್ದು ಸಿಪ್ಪೆಯಂತೆ ಕಳಚುತ್ತದೆ. ಪಾಚಿ, ಚಿಪ್ಪು ಹಿಡಿಯದಂತೆ ತಡೆಯುವ ಆ್ಯಂಟಿಫೌಲಿಂಗ್ ಪೇಂಟ್ ಎರಡು ಕೋಟ್ ಕೊಡಿ. ನೀರಿನ ಗೆರೆ, ಚುಕ್ಕಾಣಿಯ ಅಂಚಿಗೆ ಇನ್ನೊಂದು ಜಾಸ್ತಿ. ಅಲ್ಯೂಮಿನಿಯಂ ಭಾಗಕ್ಕೆ ಮಾತ್ರ ತಾಮ್ರದ ಪೇಂಟ್ ಬೇಡ, ಲೋಹ ತಿಂದುಹೋಗುತ್ತದೆ. ಬೇರೆ ಲೋಹದ ಬದಲು ತಾನೇ ಸವೆಯಲೆಂದು ತಳದಲ್ಲಿ ಹಾಕಿರುವ ಜಿಂಕ್ ತುಂಡಿಗೆ ಯಾವ ಪೇಂಟೂ ತಾಗಬಾರದು, ತಾಗಿದರೆ ಅದು ಕೆಲಸ ಮಾಡುವುದಿಲ್ಲ. ಅರ್ಧ ಸವೆದಿದ್ದರೆ ಸುಮ್ನೆ ಬದಲಿಸಿ.

ಪ್ರೊಪೆಲರನ್ನು ಉಜ್ಜಿ ಹೊಳಪು ಮಾಡಿ, ಬಣ್ಣ ನೋಡಿ. ಹಳದಿ ಹೋಗಿ ಗುಲಾಬಿ ಕಂಡರೆ ಲೋಹದೊಳಗಿನ ಸತುವು ಹೋಗಿದೆ, ಎಲೆ ಮುರಿಯಬಹುದು. ಎಲೆ ಬಾಗಿದ್ದರೆ ಸುತ್ತಿಗೆಯಲ್ಲಿ ಬಡಿಯಬೇಡಿ, ವರ್ಕ್‌ಶಾಪ್‌ಗೆ ಕೊಡಿ. ಪ್ರೊಪೆಲರ್ ತಿರುಗಿಸುವ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ತುಂಬಾ ಅಲುಗಿದರೆ ಬೇರಿಂಗ್ ಸವೆದಿದೆ. ಬಲೆ ದಾರ ಸುತ್ತಿಕೊಂಡು, ಶಾಫ್ಟ್ ಹತ್ತಿರ ನೀರು ತಡೆಯುವ ಸೀಲ್ ಕತ್ತರಿಸಿದೆಯೇ ಎಂದೂ ನೋಡಿ. ನೀರು ಒಳಗೆ ಬರುವುದು ಹೆಚ್ಚಾಗಿ ಅಲ್ಲಿಂದಲೇ.