ತೆಂಗಿನ ಕರಟದ ಇಂಗಾಲವನ್ನು ನಿರ್ವಾತ ಪಂಪಿಗೆ ಅಣಿಗೊಳಿಸುವ ಕ್ರಮ

ಕುಡಿಯುವ ನೀರಿನ ಫಿಲ್ಟರಿಗೆ ಸಾಕಾಗುವ ಸಕ್ರಿಯ ಇಂಗಾಲವು (ಸೂಕ್ಷ್ಮರಂಧ್ರಗಳು ತುಂಬಿದ ಇದ್ದಿಲು) ನಿರ್ವಾತ ಪಂಪಿಗೆ ಸಾಕಾಗುವುದಿಲ್ಲ. ಅನಿಲಗಳನ್ನು ಅತಿಶೀತದಲ್ಲಿ ಹಿಡಿದಿಟ್ಟು ನಿರ್ವಾತ ಉಂಟುಮಾಡುವ ಕ್ರಯೋಪಂಪಿನ ತಣ್ಣನೆಯ ಫಲಕದ ಮೇಲೆ ಹೆಪ್ಪುಗಟ್ಟದೆ ಉಳಿಯುವ ಜಲಜನಕ, ಹೀಲಿಯಂ, ನಿಯಾನ್‌ಗಳನ್ನು ಹಿಡಿಯಬೇಕಾದದ್ದು ಇಂಗಾಲದ ಸೂಕ್ಷ್ಮರಂಧ್ರಗಳು. ಅಲ್ಲಿ ಮೊದಲೇ ಲವಣ, ಬೂದಿ, ತೇವ ಸೇರಿಕೊಂಡಿದ್ದರೆ ಅನಿಲಕ್ಕೆ ಜಾಗವಿರುವುದಿಲ್ಲ. ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಡೇವಾರ್ ದ್ರವ ಗಾಳಿಯಲ್ಲಿ ತಣಿಸಿದ ಕರಟದ ಇದ್ದಿಲಿನಿಂದ ನಿರ್ವಾತ ಪಡೆದು ನೂರು ವರ್ಷ ದಾಟಿದೆ. ಫ್ರಾನ್ಸಿನ ಈಟರ್ (ITER) ಪರಮಾಣು ಸಮ್ಮಿಲನ ಸ್ಥಾವರದ ಕ್ರಯೋಪಂಪುಗಳಿಗೂ ಆರಿಸಿರುವುದು ಕರಟದ ಇದ್ದಿಲನ್ನೇ. ಭತ್ತದ ಹೊಟ್ಟು ಅಗ್ಗವೇನೋ ಹೌದು, ಆದರೆ ಅದರ ಸಿಲಿಕಾ ಸಾಮಾನ್ಯ ಆಮ್ಲಕ್ಕೆ ಕರಗುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಅದನ್ನು ಆರಿಸದಿರುವುದೇ ಮೇಲು.

ಹಬೆಯಿಂದ ಸಕ್ರಿಯಗೊಳಿಸಿದ ಇಂಗಾಲವನ್ನು ಜರಡಿಯಾಡಿಸಿ ಪುಡಿಯನ್ನು ಬೇರ್ಪಡಿಸಿ, ಗಾಜಿನ ಬೀಕರಿನಲ್ಲಿ ನೀರು ಹೊಯ್ಯಬೇಕು. ರಂಧ್ರಗಳಲ್ಲಿದ್ದ ಗಾಳಿ ಹೊರಬರುವಾಗ ಚುರ್ರೆಂಬ ಸದ್ದಿನೊಡನೆ ಗುಳ್ಳೆಗಳೇಳುತ್ತವೆ. ಅಕ್ಕಿ ತೊಳೆದಂತೆ ಕಪ್ಪು ನೀರನ್ನು ಮತ್ತೆ ಮತ್ತೆ ಬಸಿದು, ಬಳಿಕ ಒಂದಿಷ್ಟು ಹೊತ್ತು ಕುದಿಸಿದರೆ ಕರಟದ ಬೂದಿಯಲ್ಲಿ ಮುಖ್ಯವಾಗಿರುವ ಪೊಟ್ಯಾಸಿಯಂ ಲವಣಗಳ ಬಹುಪಾಲು ನೀರಿನಲ್ಲೇ ಕರಗಿಹೋಗುತ್ತದೆ. ಉಳಿದ ಕ್ಯಾಲ್ಸಿಯಂ, ಕಬ್ಬಿಣಗಳಿಗಾಗಿ ಶೇ. 5ರಷ್ಟು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕೆಲವು ಗಂಟೆ ನೆನೆಸಬೇಕು. ಈ ಕೆಲಸವನ್ನು ಪ್ರಯೋಗಾಲಯದಲ್ಲಿ ಆವಿಯನ್ನು ಹೊರಗೆ ಸೆಳೆಯುವ ಹೊಗೆಗೂಡಿನೊಳಗೆ, ಕೈಗವಸು ಕನ್ನಡಕ ಧರಿಸಿ ಮಾಡಬೇಕು. ನೀರಿಗೆ ಆಮ್ಲವನ್ನು ಸೇರಿಸಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ.

ಹೆಚ್ಚಿನವರು ಅವಸರಪಡುವುದು ಇದರ ಮುಂದಿನ ಹಂತದಲ್ಲಿ. ಆಮ್ಲದಿಂದ ಬಂದು ರಂಧ್ರದೊಳಗೆ ಉಳಿದ ಕ್ಲೋರೈಡ್ ಮುಂದೆ ಪಂಪಿನ ಸ್ಟೇನ್‌ಲೆಸ್ ಸ್ಟೀಲನ್ನು ಕೊರೆಯುತ್ತದೆ. ಆದ್ದರಿಂದ ಬಟ್ಟಿ ಇಳಿಸಿದ ಬಿಸಿನೀರಿನಲ್ಲಿ ತೊಳೆಯುತ್ತಾ, ಬಸಿದ ನೀರಿಗೆ ಒಂದು ಹನಿ ನೈಟ್ರಿಕ್ ಆಮ್ಲವನ್ನೂ ಒಂದು ಹನಿ ಸಿಲ್ವರ್ ನೈಟ್ರೇಟ್ ದ್ರಾವಣವನ್ನೂ ಬಿಟ್ಟು ನೋಡಬೇಕು. ಹಾಲಿನಂಥ ಬಿಳುಪು ಕಂಡರೆ ಕ್ಲೋರೈಡ್ ಇನ್ನೂ ಉಳಿದಿದೆ, ತೊಳೆಯುವುದು ಮುಗಿದಿಲ್ಲ. ತಿಳಿಯಾಗಿ ಕಂಡರೂ ಇಂಗಾಲವನ್ನು ರಾತ್ರಿಯಿಡೀ ಹೊಸ ನೀರಿನಲ್ಲಿ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯದು, ಏಕೆಂದರೆ ಆಳದ ರಂಧ್ರಗಳಿಂದ ಆಮ್ಲ ನಿಧಾನವಾಗಿ ಜಿನುಗುತ್ತದೆ. ನಲ್ಲಿ ನೀರಿನಲ್ಲೇ ಕ್ಲೋರೈಡ್ ಇರುವುದರಿಂದ ಅದನ್ನು ಬಳಸಿದರೆ ಈ ಪರೀಕ್ಷೆಗೆ ಅರ್ಥವಿಲ್ಲ.

ಒಲೆಯಲ್ಲಿ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎರಡು ಬಾರಿ ತೂಗಿದಾಗ ಒಂದೇ ತೂಕ ಬರುವವರೆಗೆ ಒಣಗಿಸಬೇಕು. ಅನಂತರ ನಿರ್ವಾತದಲ್ಲಿಟ್ಟು ಉಷ್ಣತೆಯನ್ನು ನಿಧಾನವಾಗಿ ಸುಮಾರು 250 ಡಿಗ್ರಿಗೆ ಏರಿಸಿ, ಒತ್ತಡ ಇಳಿದು ಸ್ಥಿರವಾಗುವವರೆಗೆ ಕಾಯಿಸಬೇಕು. ಫಲಕಕ್ಕೆ ಅಂಟಿಸುವ ಮೊದಲೇ ಇದನ್ನು ಮುಗಿಸಬೇಕು, ಅಂಟು ಇಷ್ಟು ಬಿಸಿಯನ್ನು ತಾಳುವುದಿಲ್ಲ. ಎಣ್ಣೆಯ ರೋಟರಿ ಪಂಪು ಬಳಸುವವರು ನಡುವೆ ಶೀತಬಲೆಯನ್ನು (ಆವಿಯನ್ನು ತಣಿಸಿ ಹಿಡಿಯುವ ಪಾತ್ರೆಯನ್ನು) ಇಡದಿದ್ದರೆ ಎಣ್ಣೆಯ ಆವಿ ಹಿಮ್ಮರಳಿ ತೊಳೆದ ಶ್ರಮವನ್ನೆಲ್ಲ ಹಾಳುಮಾಡುತ್ತದೆ. ಬಿಸಿ ಇಂಗಾಲಕ್ಕೆ ಗಾಳಿ ಬಿಟ್ಟರೆ ಕಿಡಿ ಹೊತ್ತಬಹುದು. ಪೂರ್ತಿ ಆರಿದ ಮೇಲೆ ಒಣ ಸಾರಜನಕ ತುಂಬಿ ಮುಚ್ಚಬೇಕು.

ಇಂಥ ಇಂಗಾಲವನ್ನು ದ್ರವ ಸಾರಜನಕದಲ್ಲಿ ತಣಿಸಿ ನೇರವಾಗಿ ಗಾಳಿಯನ್ನೇ ಹೀರಿಸಕೂಡದು. ರಂಧ್ರಗಳಲ್ಲಿ ಸಾಂದ್ರಗೊಂಡ ಆಮ್ಲಜನಕವೂ ಇದ್ದಿಲೂ ಸೇರಿದರೆ ಅದು ಸ್ಫೋಟಕ. ಆ ಕೆಲಸಕ್ಕೆ ಜಿಯೋಲೈಟ್ ಎಂಬ, ಉರಿಯದ ರಂಧ್ರಮಯ ಖನಿಜವಿದೆ.