ಬ್ರಿಟನ್ನಿನಲ್ಲಿ ಸಂಸಾರಕ್ಕೊಂದು ಎಲೆಕ್ಟ್ರಿಕ್ ಎಸ್ಟೇಟ್: ಬಳಸಿದ ಎಂಜಿ5 ಕೊಂಡ ಲೆಕ್ಕಾಚಾರ

ಬ್ರಿಟನ್ನಿನಲ್ಲಿ ಹದಿನೈದು ಸಾವಿರ ಪೌಂಡಿನ ಒಳಗೆ ಎಲೆಕ್ಟ್ರಿಕ್ ಎಸ್ಟೇಟ್ ಕಾರು ಬೇಕೆಂದರೆ ಹೆಚ್ಚುಕಮ್ಮಿ ಇರುವುದೊಂದೇ ದಾರಿ, ಬಳಸಿದ ಎಂಜಿ5. ಎಸ್ಟೇಟ್ ಅಂದರೆ ಛಾವಣಿ ಡಿಕ್ಕಿಯ ಮೇಲೂ ಮುಂದುವರಿದು ಹಿಂಬಾಗಿಲಲ್ಲಿ ಮುಗಿಯುವ ಉದ್ದನೆಯ ಕಾರು. ಊರಲ್ಲಿ ಟಾಟಾ ಇಂಡಿಗೊ ಮರೀನಾ, ಮಾರುತಿ ಬಲೆನೊ ಆಲ್ಟುರಾ ನೋಡಿದವರಿಗೆ ಈ ಆಕಾರ ನೆನಪಿರುತ್ತದೆ. ಇಲ್ಲಿಗೆ ಬಂದ ನಮ್ಮವರು ಬಹುಪಾಲು ಎಸ್‌ಯುವಿ ಕಡೆಗೇ ಹೋಗುತ್ತಾರೆ. ನನ್ನ ಅನುಭವದಲ್ಲಿ ಎಲೆಕ್ಟ್ರಿಕ್ ಕಾರಿನ ಮಟ್ಟಿಗೆ ಎಸ್ಟೇಟೇ ಜಾಣ ಆಯ್ಕೆ. ಮೋಟರ್‌ವೇ ವೇಗದಲ್ಲಿ ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಎದುರುಗಾಳಿ. ಕಾರು ಎತ್ತರವಾದಷ್ಟೂ ಗಾಳಿಗೆ ಎದೆಗೊಡುವ ಜಾಗ ಹೆಚ್ಚು. ಎಸ್ಟೇಟ್ ಅಷ್ಟೇ ಸಾಮಾನು ಹೊತ್ತು ತಗ್ಗಾಗಿ ಹೋಗುತ್ತದೆ.

ಎಂಜಿ5 ಇಲ್ಲಿಗೆ ಬಂದದ್ದು 2020ರ ಕೊನೆಗೆ. ಮೂರು ಬಗೆ ಸಿಗುತ್ತವೆ, ಜಾಹೀರಾತು ನೋಡುವಾಗ ಇವನ್ನು ಬೇರೆ ಮಾಡಿಕೊಳ್ಳಲೇಬೇಕು. ಮೊದಲನೆಯದು 52.5 ಯೂನಿಟ್ (ಕಿಲೋವ್ಯಾಟ್-ಅವರ್) ಬ್ಯಾಟರಿಯದು, ಕಂಪನಿ ಹೇಳುವ ರೇಂಜ್, ಅಂದರೆ ಒಮ್ಮೆ ತುಂಬಿದರೆ ಓಡುವ ದೂರ, 214 ಮೈಲಿ. ಎರಡನೆಯದು 2021ರ ಲಾಂಗ್ ರೇಂಜ್: ಬ್ಯಾಟರಿ 61.1 ಯೂನಿಟ್, ಅದರಲ್ಲಿ ಬಳಕೆಗೆ ಸಿಗುವುದು 57.4, ಹೇಳುವ ರೇಂಜ್ 250 ಮೈಲಿ. ಮೂರನೆಯದು 2022ರಲ್ಲಿ ಮುಖ, ಡ್ಯಾಶ್‌ಬೋರ್ಡ್ ಬದಲಾಗಿ ಬಂದದ್ದು. ಅದರಲ್ಲಿ ಫೋನ್ ಆ್ಯಪ್ ಇದೆ, ಕಾರಿನಿಂದಲೇ ಹೊರಗಿನ ಉಪಕರಣಕ್ಕೆ ಕರೆಂಟ್ ತೆಗೆಯುವ ಸೌಲಭ್ಯವೂ ಇದೆ. ನಾನು ಆರಿಸಿದ್ದು ನಡುವಿನದನ್ನು, ಅಂದರೆ ಹಳೆಯ ಮುಖದ ಲಾಂಗ್ ರೇಂಜ್. ಹೊಸ ಮುಖದ ಕಾರಿಗೆ ಕೊಡುವ ಹೆಚ್ಚಿನ ದುಡ್ಡಿಗೆ ಬ್ಯಾಟರಿ ದೊಡ್ಡದಾಗುವುದಿಲ್ಲ. ಆದರೆ 52.5ರಿಂದ 61.1ಕ್ಕೆ ಹೋಗಲು ಕೊಡುವ ದುಡ್ಡು ಪ್ರತಿ ಚಳಿಗಾಲವೂ ಕೆಲಸಕ್ಕೆ ಬರುತ್ತದೆ.

ಈ ಕಾರನ್ನು ಅಳೆಯಬೇಕಾದದ್ದು ಚಳಿಗಾಲದ ಲೆಕ್ಕದಲ್ಲೇ. ಎಂಜಿ5ರಲ್ಲಿ ಹೀಟ್ ಪಂಪ್ (ಕಡಿಮೆ ಕರೆಂಟಿನಲ್ಲಿ ಹೊರಗಿನ ಶಾಖವನ್ನು ಒಳಗೆ ತರುವ ಯಂತ್ರ) ಇಲ್ಲ. ಕ್ಯಾಬಿನ್ ಬೆಚ್ಚಗಾಗುವುದು ಕರೆಂಟನ್ನೇ ನೇರವಾಗಿ ಶಾಖ ಮಾಡುವ ಹೀಟರ್‌ನಿಂದ. ಬೇಸಿಗೆಯಲ್ಲಿ ಊರೊಳಗೆ ಯೂನಿಟ್ಟಿಗೆ 4 ಮೈಲಿ ಸುಲಭವಾಗಿ ಸಿಗುತ್ತದೆ. ಅದೇ ಕಾರು ಜನವರಿಯಲ್ಲಿ, ಮಳೆಯಲ್ಲಿ, ಹೀಟರ್ ಹಾಕಿಕೊಂಡು ಗಂಟೆಗೆ 70 ಮೈಲಿಯಲ್ಲಿ ಹೋದರೆ 2.7ರ ಆಸುಪಾಸಿಗೆ ಇಳಿಯುತ್ತದೆ. 57.4ನ್ನು 2.7ರಿಂದ ಗುಣಿಸಿದರೆ 155 ಮೈಲಿ. ಅದೂ ಪೂರ್ತಿ ಖಾಲಿಯಾಗುವವರೆಗೆ. ತಳದಲ್ಲಿ ಹತ್ತು ಶೇಕಡ ಬಿಟ್ಟರೆ 140. ಹಾಗಾಗಿ ಜಾಹೀರಾತಿನ 250ನ್ನು ಪಕ್ಕಕ್ಕಿಟ್ಟು 140ನ್ನು ಕೈಯಲ್ಲಿ ಹಿಡಿದು, ನಮ್ಮ ಮನೆಯವರು ತಿಂಗಳಿಗೊಮ್ಮೆಯಾದರೂ ಹೋಗುವ ದೂರದ ಜಾಗಗಳನ್ನು ನಕ್ಷೆಯಲ್ಲಿ ಅಳೆಯಬೇಕು. ಸಣ್ಣ ಬ್ಯಾಟರಿಯ ಕಾರಿಗೆ ಇದೇ ಲೆಕ್ಕ ಹಾಕಿದರೆ 120ರ ಹತ್ತಿರ ಬರುತ್ತದೆ. ಲೀಟರು, ಪವರು, ಸ್ಕ್ರೀನು ಎಲ್ಲಕ್ಕಿಂತ ಮೊದಲು ಈ ಅಂಕಿ.

ಒಂದು ನಿಜವಾದ ಪ್ರಯಾಣಕ್ಕೆ ಇದನ್ನು ಹಚ್ಚಿ ನೋಡೋಣ. ಬರ್ಮಿಂಗ್‌ಹ್ಯಾಮ್‌ನಲ್ಲಿ ಮನೆ, ಬೆಂಗಳೂರಿನ ವಿಮಾನದಲ್ಲಿ ಹೀಥ್ರೋಗೆ ಬಂದಿಳಿಯುವ ಅಪ್ಪ ಅಮ್ಮನನ್ನು ಕರೆತರಬೇಕು. ಒಂದು ಕಡೆಗೆ ಸುಮಾರು 105 ಮೈಲಿ. ಮನೆಯಿಂದ ನೂರು ಶೇಕಡ ಇಟ್ಟುಕೊಂಡು ಹೊರಟರೆ ಚಳಿಯಲ್ಲಿ ಹೋಗುವಾಗಲೇ 39 ಯೂನಿಟ್ ಖರ್ಚು, ಉಳಿಯುವುದು 18. ವಾಪಸ್ಸಿಗೂ 39 ಬೇಕು, ತಳದಲ್ಲಿ 6 ಇರಲಿ; ದಾರಿಯಲ್ಲಿ ತುಂಬಬೇಕಾದ್ದು 27 ಯೂನಿಟ್. ಎಂ40 ಮೋಟರ್‌ವೇಯ ಬೀಕನ್ಸ್‌ಫೀಲ್ಡ್ ಸರ್ವಿಸಸ್ (ಊಟ, ಚಾರ್ಜರ್ ಇರುವ ತಂಗುದಾಣ) ಹೀಥ್ರೋದಿಂದ ಹದಿನೈದು ಮೈಲಿಯ ಒಳಗಿದೆ. ಅಲ್ಲಿಗೆ ತಲುಪುವಾಗ ಬ್ಯಾಟರಿ 23 ಶೇಕಡದ ಹತ್ತಿರ ಇರುತ್ತದೆ, 70ಕ್ಕೆ ಏರಿಸಿಕೊಂಡು ಹೊರಟರೆ ಸಾಕು. ಹಿರಿಯರು ಕೈಕಾಲು ಆಡಿಸಿ, ಚಹಾ ಕುಡಿದು ಬರುವ ಹೊತ್ತಿಗೆ ಅಷ್ಟು ತುಂಬಿರುತ್ತದೆ. ಮುಂದಿನ ಆಕ್ಸ್‌ಫರ್ಡ್ ಸರ್ವಿಸಸ್‌ವರೆಗೆ ಎಳೆಯಬಹುದಲ್ಲ ಎನಿಸುತ್ತದೆ, ಬೇಡ. ಅಲ್ಲಿಗೆ ಹೋಗುವಾಗ ಬರೀ ಏಳೆಂಟು ಶೇಕಡ ಉಳಿದಿರುತ್ತದೆ. ಅಲ್ಲಿ ಕ್ಯೂ ಇದ್ದರೆ ಚಳಿಯಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಕಾಯಬೇಕಾಗುತ್ತದೆ.

ವೇಗದ ಚಾರ್ಜಿಂಗಿನಲ್ಲಿ ನೆನಪಿಡಬೇಕಾದ್ದು ಬ್ಯಾಟರಿಯ ಬಿಸಿ. ಮೋಟರ್‌ವೇಯಲ್ಲಿ ಒಂದು ಗಂಟೆ ಓಡಿ ಬಂದ ಬ್ಯಾಟರಿ 10ರಿಂದ 80 ಶೇಕಡಕ್ಕೆ ಮುಕ್ಕಾಲು ಗಂಟೆಯೊಳಗೆ ಏರುತ್ತದೆ. ರಾತ್ರಿಯಿಡೀ ಹಿಮದಲ್ಲಿ ನಿಂತ ಕಾರನ್ನು ಬೆಳಿಗ್ಗೆ ಎದ್ದ ಕೂಡಲೇ ಹಚ್ಚಿದರೆ ಅದೇ ಚಾರ್ಜರ್ ಅರ್ಧ ವೇಗಕ್ಕೂ ಬರುವುದಿಲ್ಲ. ಆದ್ದರಿಂದ ಹೊರಗೆ ತಂಗುವಾಗ ರಾತ್ರಿ ತಲುಪಿದ ತಕ್ಷಣ, ಬ್ಯಾಟರಿ ಬಿಸಿ ಇರುವಾಗಲೇ ತುಂಬಿಸಿಬಿಡುವುದು ಒಳ್ಳೆಯದು. 80 ದಾಟಿದ ಮೇಲೆ ವೇಗ ಬೀಳುತ್ತದೆ, ಅಲ್ಲಿಗೆ ಕೇಬಲ್ ತೆಗೆದು ಹೊರಡಿ.

ಇನ್ನು ಡಿಕ್ಕಿ. ಹಳೆಯ ಮುಖದ ಕಾರಿನಲ್ಲಿ ಸಾಮಾನು ಮುಚ್ಚುವ ಸುರುಳಿ ಪರದೆಯ ಕೆಳಗೆ 464 ಲೀಟರ್, ಪರದೆ ಸರಿಸಿ ಛಾವಣಿಯವರೆಗೆ 578. ಹಲವು ವಿಮಾನ ಕಂಪನಿಗಳಲ್ಲಿ 23 ಕೆಜಿ ಸೂಟ್‌ಕೇಸ್ ಉದ್ದ, ಅಗಲ, ಎತ್ತರ ಸೇರಿ 158 ಸೆಂಟಿಮೀಟರ್ ಒಳಗಿರಬೇಕು; 76, 50, 32ರ ಪೆಟ್ಟಿಗೆ ಹಿಡಿದರೆ ಒಂದೊಂದೂ 120 ಲೀಟರ್ ದಾಟುತ್ತದೆ. ನಾಲ್ಕಕ್ಕೆ 486. ಅಂದರೆ ಪರದೆ ಹಾಕಿಕೊಂಡು ಹಿಡಿಯುವುದಿಲ್ಲ, ತೆಗೆದರೆ ಹಿಡಿಯುತ್ತವೆ. ಸುರುಳಿ ಪರದೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಪೆಟ್ಟಿಗೆಗಳು ಸೀಟಿನ ಬೆನ್ನಿಗಿಂತ ಮೇಲೆ ಬಂದರೆ ಬೆಲ್ಟ್ ಪಟ್ಟಿಯಿಂದ ನೆಲದ ಕೊಂಡಿಗಳಿಗೆ ಬಿಗಿಯಲೇಬೇಕು; ಗಟ್ಟಿ ಬ್ರೇಕ್ ಹಾಕಿದರೆ 23 ಕೆಜಿಯ ಪೆಟ್ಟಿಗೆ ಬರುವುದು ಹಿಂದೆ ಕೂತ ಮಕ್ಕಳ ತಲೆಗೇ. ಇದನ್ನು ಎಷ್ಟೋ ಜನ ಉದಾಸೀನ ಮಾಡುವುದನ್ನು ಕಂಡು ಸಂಕಟವಾಗುತ್ತದೆ. ಛಾವಣಿಯ ಮೇಲೆ ಹಾಕಬಹುದಾದ್ದು 75 ಕೆಜಿ ಮಾತ್ರ, ಅದರಲ್ಲಿ ಕಂಬಿಗಳ ತೂಕವೂ ಸೇರಿತು. ಛಾವಣಿಗೆ ಪೆಟ್ಟಿಗೆ ಕಟ್ಟಿದರೆ ಎಸ್ಟೇಟ್ ಕೊಂಡ ಲಾಭವೇ ಗಾಳಿಗೆ ಹೋಯಿತು.

ಕೂರುವ ವಿಷಯದಲ್ಲಿ ಒಂದು ಮಾತು ಮುಚ್ಚಿಡಬಾರದು. ಮಕ್ಕಳ ಸೀಟಿನ ಐಸೊಫಿಕ್ಸ್ ಕೊಂಡಿ ಹಿಂದಿನ ಎರಡು ಬದಿಯ ಸೀಟುಗಳಿಗಷ್ಟೇ. ಎರಡು ದೊಡ್ಡ ಚೈಲ್ಡ್ ಸೀಟ್ ಕೂರಿಸಿದ ಮೇಲೆ ನಡುವೆ ದೊಡ್ಡವರು ಕೂರಲಾರರು. ಇಲ್ಲಿನ ಕಾನೂನಿನಂತೆ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಗುವಿಗೆ ತಕ್ಕ ಸೀಟು ಬೇಕು. ಜೊತೆಗೆ ಬ್ಯಾಟರಿ ನೆಲದಡಿ ಇರುವುದರಿಂದ ಹಿಂದೆ ಕೂತವರ ಮಂಡಿ ಸ್ವಲ್ಪ ಮೇಲೇಳುತ್ತದೆ, ಕಾರು ತಗ್ಗಾಗಿರುವುದರಿಂದ ಇಳಿಯುವಾಗ ಬಗ್ಗಿ ಏಳಬೇಕು. ಮನೆಯಲ್ಲಿ ಮಂಡಿ ನೋವಿನ ಹಿರಿಯರು ಕಾಯಂ ಇದ್ದರೆ ಅವರನ್ನು ಜೊತೆಗೆ ಕರೆದುಕೊಂಡು ಹೋಗಿ, ಕೂರಿಸಿ ಇಳಿಸಿ ನೋಡಿಯೇ ತೀರ್ಮಾನಿಸಿ.

ಮನೆಯಲ್ಲಿ ಚಾರ್ಜ್ ಮಾಡುವ ಅನುಕೂಲವಿಲ್ಲದವರಿಗೆ ನಾನು ಈ ಕಾರು ಹೇಳುವುದಿಲ್ಲ. ಲೆಕ್ಕ ನೋಡಿ. ವರ್ಷಕ್ಕೆ 8,000 ಮೈಲಿ, ಸರಾಸರಿ ಯೂನಿಟ್ಟಿಗೆ 3.4 ಮೈಲಿ ಅಂದರೆ 2,350 ಯೂನಿಟ್. ಚಾರ್ಜಿಂಗಿನಲ್ಲಿ ಸೋರುವ ಹತ್ತು ಶೇಕಡ ಸೇರಿ ಗೋಡೆಯಿಂದ ಎಳೆಯುವುದು 2,600. ರಾತ್ರಿ ದರ ಯೂನಿಟ್ಟಿಗೆ 8 ಪೆನ್ನಿ ಹಿಡಿದರೆ 210 ಪೌಂಡಿನ ಒಳಗೆ ವರ್ಷ ಕಳೆಯುತ್ತದೆ. ಗ್ಯಾಲನ್ನಿಗೆ 45 ಮೈಲಿ ಕೊಡುವ ಪೆಟ್ರೋಲ್ ಎಸ್ಟೇಟಿಗೆ 800 ಲೀಟರ್ ಬೇಕು, ಸಾವಿರ ಪೌಂಡ್ ದಾಟುತ್ತದೆ. ಆದರೆ ರಸ್ತೆಬದಿಯ ವೇಗದ ಚಾರ್ಜರುಗಳಲ್ಲೇ ಯೂನಿಟ್ಟಿಗೆ 75 ಪೆನ್ನಿಯಂತೆ ತುಂಬಿದರೆ 1,750 ಪೌಂಡ್ ಆಗುತ್ತದೆ, ಪೆಟ್ರೋಲಿಗಿಂತ ದುಬಾರಿ. ಮನೆಯ ಕರೆಂಟಿಗೆ ವ್ಯಾಟ್ 5 ಶೇಕಡ, ಹೊರಗಿನದಕ್ಕೆ 20. ರಸ್ತೆ ತೆರಿಗೆಯನ್ನೂ ಸೇರಿಸಿಕೊಳ್ಳಿ: 2025ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್ ಕಾರುಗಳಿಗೂ ತೆರಿಗೆ ಬಂದಿದೆ, ಈ ಕಾರಿಗೆ 2025-26ರಲ್ಲಿ 195 ಪೌಂಡ್. 2028ರ ಏಪ್ರಿಲ್‌ನಿಂದ ಮೈಲಿಗೆ 3 ಪೆನ್ನಿಯ ಹೊಸ ತೆರಿಗೆಯನ್ನೂ ಸರ್ಕಾರ ಘೋಷಿಸಿದೆ. 8,000 ಮೈಲಿಗೆ ಅದು 240 ಪೌಂಡ್. ಅದೆಲ್ಲ ಸೇರಿದರೂ ಮನೆಯಲ್ಲಿ ರಾತ್ರಿ ತುಂಬುವವರಿಗೆ ಲಾಭವೇ.

ಚಾರ್ಜರ್ ಹಾಕಿಸುವಾಗ ಎಲೆಕ್ಟ್ರಿಷಿಯನ್ ಬರುವ ಮೊದಲೇ ಮೀಟರ್ ಪೆಟ್ಟಿಗೆಯ ಮುಖ್ಯ ಫ್ಯೂಸಿನ ಫೋಟೋ ತೆಗೆದು ಕಳಿಸಿ. 60, 80 ಅಥವಾ 100 ಆಂಪ್ ಎಂದು ಅದರ ಮೇಲೇ ಬರೆದಿರುತ್ತದೆ. 7 ಕಿಲೋವ್ಯಾಟ್ ಚಾರ್ಜರ್ 32 ಆಂಪ್ ಎಳೆಯುತ್ತದೆ, ಎಲೆಕ್ಟ್ರಿಕ್ ಶವರ್ ಒಂದೇ 40 ಆಂಪ್ ಎಳೆಯಬಲ್ಲದು. 60ರ ಫ್ಯೂಸಿನ ಮನೆಯಲ್ಲಿ ಇವೆರಡೂ ಒಟ್ಟಿಗೆ ಓಡಿದರೆ ಫ್ಯೂಸ್ ಹೋಗಬಹುದು. ಮುಖ್ಯ ತಂತಿಗೆ ಕರೆಂಟ್ ಅಳೆಯುವ ಕ್ಲಾಂಪ್ ಹಾಕಿ, ಮನೆಯ ಹೊರೆ ಏರಿದಾಗ ತಾನೇ ಕಡಿಮೆಯಾಗುವ ಚಾರ್ಜರ್ ಕೇಳಿ ಹಾಕಿಸಿಕೊಳ್ಳಿ. ಗೋಡೆಯ ಸಾಮಾನ್ಯ ಮೂರು ಪಿನ್ ಸಾಕೆಟ್ಟಿನಲ್ಲೂ ಚಾರ್ಜ್ ಆಗುತ್ತದೆ, ಆದರೆ 10 ಆಂಪ್‌ನಲ್ಲಿ ಪೂರ್ತಿ ತುಂಬಲು ಒಂದು ಹಗಲು ಒಂದು ರಾತ್ರಿಗಿಂತಲೂ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಹೊರೆ ಹೊತ್ತ ಹಳೆಯ ಸಾಕೆಟ್ ಬಿಸಿಯೇರಿ ಕರಗುವುದೂ ಉಂಟು. ಎಕ್ಸ್‌ಟೆನ್ಷನ್ ಬಾಕ್ಸಿಗಂತೂ ಹಾಕಲೇಬೇಡಿ.

ಕಾರು ನೋಡಲು ಹೋಗುವ ಮೊದಲು ನಂಬರ್ ಹಾಕಿ ಸರ್ಕಾರದ ಎಂಒಟಿ (ವಾಹನದ ಕಡ್ಡಾಯ ವಾರ್ಷಿಕ ತಪಾಸಣೆ) ಚರಿತ್ರೆ ತೆಗೆಯಿರಿ, ಪುಕ್ಕಟೆ ಸಿಗುತ್ತದೆ. ಮೈಲಿ ವರ್ಷದಿಂದ ವರ್ಷಕ್ಕೆ ಹೇಗೆ ಏರಿದೆ ಎಂಬುದು ಅದರಲ್ಲಿ ಕಾಣುತ್ತದೆ. ಎಂಜಿ5 ಬಾಡಿಗೆ ಕಾರಿನ ಚಾಲಕರಿಗೆ ಅಚ್ಚುಮೆಚ್ಚು. ವರ್ಷಕ್ಕೆ 30,000 ಮೈಲಿ ಓಡಿದ್ದು ಕಂಡರೆ ಹಿನ್ನೆಲೆ ಅದೇ ಎಂದು ತಿಳಿಯಿರಿ. ವಾರಂಟಿ 7 ವರ್ಷ ಅಥವಾ 80,000 ಮೈಲಿ, ಬ್ಯಾಟರಿಯೂ ಅದರೊಳಗೇ, ಮುಂದಿನ ಮಾಲೀಕರಿಗೂ ದಾಟುತ್ತದೆ. ಬಾಡಿಗೆಗೆ ಓಡಿದ ಕಾರಿಗೆ ಷರತ್ತು ಬೇರೆ ಇರಬಹುದಾದ್ದರಿಂದ ಚಾಸಿ ನಂಬರ್ ಕೊಟ್ಟು ಡೀಲರ್ ಬಳಿ ಬರಹದಲ್ಲೇ ಕೇಳಿ. ಸರ್ವಿಸ್ ಪುಸ್ತಕದಲ್ಲಿ ಒಂದು ವರ್ಷ ತಪ್ಪಿದ್ದರೂ ಬೆಲೆ ಇಳಿಸಲು ಅದು ಒಳ್ಳೆಯ ಕಾರಣ.

ಬ್ಯಾಟರಿಯ ಆರೋಗ್ಯ ನೋಡಲು ಸ್ಟಿಯರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ಕಾರಿನ ಮಾಹಿತಿ ಓದುವ ಒಬಿಡಿ ಕಿಂಡಿಗೆ ಬ್ಲೂಟೂತ್ ಡಾಂಗಲ್ ಹಾಕಿ ಫೋನಿನಲ್ಲಿ ಓದಬಹುದು. ಅದಕ್ಕಿಂತ ನಾನು ಹೆಚ್ಚು ನಂಬುವುದು ಗೋಡೆಯ ಲೆಕ್ಕವನ್ನು. ಡೀಲರ್ ಬಳಿ ತಮ್ಮದೇ 7 ಕಿಲೋವ್ಯಾಟ್ ಚಾರ್ಜರ್ ಇದ್ದರೆ 20 ಶೇಕಡದಿಂದ 100ಕ್ಕೆ ತುಂಬಿಸಲು ಹೇಳಿ. ಆರೋಗ್ಯವಾದ ಲಾಂಗ್ ರೇಂಜ್ ಕಾರು 46 ಯೂನಿಟ್ ನುಂಗುತ್ತದೆ, ನಷ್ಟ ಸೇರಿ ಚಾರ್ಜರಿನ ಮೀಟರ್ 50-51 ತೋರಿಸಬೇಕು. 44 ತೋರಿಸಿ ನೂರಾಯಿತು ಎಂದರೆ ಬ್ಯಾಟರಿ ಸವೆದಿದೆ, ಇಲ್ಲವೇ ಒಳಗಿನ ಕೋಶಗಳ ಚಾರ್ಜ್ ಮಟ್ಟ ಒಂದಕ್ಕೊಂದು ಸಮವಿಲ್ಲದೆ ಸಮತೋಲ ತಪ್ಪಿದೆ. ಸಮತೋಲ ತಪ್ಪಿದ್ದರೆ ಮನೆಯ ನಿಧಾನದ ಚಾರ್ಜರಿನಲ್ಲಿ ನೂರಕ್ಕೆ ತುಂಬಿಸಿ, ತಾನಾಗಿ ನಿಲ್ಲುವವರೆಗೂ ಬಿಟ್ಟರೆ ಸರಿಹೋಗುತ್ತದೆ. ತಿಂಗಳಿಗೊಮ್ಮೆ ಹೀಗೆ ಮಾಡುವುದು ಈ ಕಾರಿಗೆ ಅಗತ್ಯ. ವೇಗದ ಚಾರ್ಜರಿನಲ್ಲೇ ಬದುಕಿದ ಕಾರುಗಳಿಗೆ ಈ ಆರೈಕೆ ಸಿಕ್ಕಿರುವುದಿಲ್ಲ.

ಮುಂದಿನ ಎರಡು ಟೈರುಗಳ ಒಳಅಂಚಿಗೆ ಕೈ ಹಾಕಿ ಸವರಿ ನೋಡಿ. ಮೋಟರ್ ಎಳೆಯುವುದು ಮುಂದಿನ ಚಕ್ರಗಳನ್ನು, ಸವೆಯುವುದೂ ಅವೇ. ಹಿಂದಿನ ಬ್ರೇಕ್ ಡಿಸ್ಕಿನಲ್ಲಿ ತುಕ್ಕಿನ ಗೆರೆ ಇದೆಯೇ ನೋಡಿ. ವೇಗ ಇಳಿಸುವ ಕೆಲಸವನ್ನು ಬಹುಪಾಲು ಮೋಟರೇ ಮಾಡಿ ಬ್ಯಾಟರಿಗೆ ತುಂಬುವುದರಿಂದ ಬ್ರೇಕ್ ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತದೆ. ಕೊಂಡ ಮೇಲೆ ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ಪೆಡಲನ್ನು ಗಟ್ಟಿಯಾಗಿ ಒತ್ತಿ ನಿಲ್ಲಿಸುತ್ತಿದ್ದರೆ ಇದು ತಪ್ಪುತ್ತದೆ. ಸ್ಟೆಪ್ನಿ ಇಲ್ಲ, ಪಂಕ್ಚರ್ ದ್ರಾವಣ ಮತ್ತು ಪಂಪ್ ಮಾತ್ರ. ದ್ರಾವಣದ ಬಾಟಲಿಗೆ ಅವಧಿ ಮುಗಿಯುವ ದಿನಾಂಕ ಇರುತ್ತದೆ.

ರಸ್ತೆಯಲ್ಲಿ ಎಲೆಕ್ಟ್ರಿಕ್ ಕಾರು ಕೈಕೊಡುವುದು ದೊಡ್ಡ ಬ್ಯಾಟರಿಯಿಂದಲ್ಲ, ಬಹುತೇಕ 12 ವೋಲ್ಟಿನ ಸಣ್ಣ ಬ್ಯಾಟರಿಯಿಂದ. ಅದು ಸೋತರೆ ಡ್ಯಾಶ್‌ಬೋರ್ಡಿನಲ್ಲಿ ಸಂಬಂಧವಿಲ್ಲದ ಎಚ್ಚರಿಕೆಗಳು ಸಾಲಾಗಿ ಬೆಳಗುತ್ತವೆ, ರಿಮೋಟಿನಿಂದ ಬೀಗ ತೆರೆಯುವುದಿಲ್ಲ, ಚಾರ್ಜ್ ಹತ್ತುವುದಿಲ್ಲ. ಕಾರು ನಿಂತಿರುವಾಗ ಮೀಟರ್ ಹಿಡಿದರೆ 12.6 ವೋಲ್ಟ್ ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಬದಲಿಸಿ. ಮೂರ್ನಾಲ್ಕು ವರ್ಷದ ಕಾರಿಗೆ ನಾನು ಕಾಯದೆ ಬದಲಿಸಿಬಿಡು ಎನ್ನುತ್ತೇನೆ. ಜಂಪ್ ಪ್ಯಾಕ್ ಇಟ್ಟುಕೊಳ್ಳುವುದಾದರೆ ಮುಂದಿನ ಸೀಟಿನಡಿ ಇಡಿ. ಡಿಕ್ಕಿಯ ಬೀಗ ಕರೆಂಟಿನದು, ಅದು ಬೇಕಾದ ಹೊತ್ತಿಗೆ ಅದೇ ತೆರೆಯುವುದಿಲ್ಲ.

ದುಡ್ಡು ಇನ್ನಷ್ಟು ಇದ್ದರೆ ಪೂಷೊ ಇ-308 ಎಸ್‌ಡಬ್ಲ್ಯು ಮತ್ತು ವಾಕ್ಸಾಲ್ ಆಸ್ಟ್ರಾ ಸ್ಪೋರ್ಟ್ಸ್ ಟೂರರ್ ಎಲೆಕ್ಟ್ರಿಕ್ ನೋಡಬಹುದು. ಎರಡಕ್ಕೂ ತಳಹದಿ ಒಂದೇ, ಮೊದಲು ಬಂದ ಕಾರುಗಳಲ್ಲಿ 54 ಯೂನಿಟ್ ಬ್ಯಾಟರಿ, ಹೀಟ್ ಪಂಪ್ ಇದೆ. ಒಳಾಂಗಣ ಎಂಜಿಗಿಂತ ಚೆಂದ, ಹಿಂದಿನ ಸೀಟಿನಲ್ಲಿ ಕಾಲಿನ ಜಾಗ ಕಡಿಮೆ. ಫೋಕ್ಸ್‌ವ್ಯಾಗನ್ ಐಡಿ.7 ಟೂರರ್ 605 ಲೀಟರ್ ಡಿಕ್ಕಿಯ ಸೊಗಸಾದ ಕಾರು, ಆದರೆ ಬೆಲೆ ಬೇರೆಯದೇ ಲೋಕ. ಕೆಲಸದ ಕಂಪನಿಯಲ್ಲಿ ಸ್ಯಾಲರಿ ಸ್ಯಾಕ್ರಿಫೈಸ್ (ತೆರಿಗೆಗೆ ಮೊದಲೇ ಸಂಬಳದಿಂದ ಕಾರಿನ ಕಂತು ಕಳೆಯುವ) ಯೋಜನೆ ಇರುವವರು ಮಾತ್ರ ಅದರ ಕಂತು ವಿಚಾರಿಸಲಿ.

ಕೊಳ್ಳುವ ದಿನ ಎರಡು ಕೀ, ಚಾರ್ಜಿಂಗಿನ ಟೈಪ್ 2 ಕೇಬಲ್, ಚಕ್ರದ ಬೀಗದ ನಟ್ಟಿನ ಸಾಕೆಟ್ ಮೂರೂ ಕೈಗೆ ಬಂದ ಮೇಲೆಯೇ ಹಣ ಕಳಿಸಿ. ಕೇಬಲ್ ಬೇರೆ ಕೊಂಡರೆ ನೂರು ಪೌಂಡಿನ ಮೇಲೆ. ಹಿಂದಿನ ಮಾಲೀಕರ ರಸ್ತೆ ತೆರಿಗೆ ನಿಮಗೆ ದಾಟುವುದಿಲ್ಲ; ಲಾಗ್‌ಬುಕ್ಕಿನ (ವಾಹನದ ನೋಂದಣಿ ಪತ್ರದ) ಹಸಿರು ಚೀಟಿಯ ಸಂಖ್ಯೆ ಹಾಕಿ ಅಲ್ಲೇ ತೆರಿಗೆ ಕಟ್ಟಿ, ವಿಮೆ ಶುರುವಾಗಿದೆಯೆಂದು ನೋಡಿಕೊಂಡೇ ರಸ್ತೆಗಿಳಿಸಬೇಕು. ಭಾರತದ ಲೈಸೆನ್ಸಿನಲ್ಲಿ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಓಡಿಸಬಹುದು, ಆ ಗಡುವು ಹತ್ತಿರವಿದ್ದರೆ ಮೊದಲು ಇಲ್ಲಿನ ಪರೀಕ್ಷೆಗೆ ದಿನ ಗೊತ್ತುಮಾಡಿಕೊಂಡು ಆಮೇಲೆ ಕಾರು ಹುಡುಕಿ.